ಎರಡು ಸಲ ಬಿದ್ದ ಚೆಂಡು

ಸುದ್ದಿ ಆರು ಸಾಲಿನದು. ಜಿಲ್ಲಾ ಪುಟದ ಕೆಳಗಡೆ, ಟೊಮೆಟೊ ಧಾರಣೆಯ ಪಕ್ಕದಲ್ಲಿತ್ತು. ದೊಡ್ಡಆಲಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದ ಮಾಜಿ ಶಟಲ್ ಬ್ಯಾಡ್ಮಿಂಟನ್ ಆಟಗಾರ್ತಿ ಹೃದಯಾಘಾತದಿಂದ ತೀರಿಕೊಂಡರು, ಅವರು ಅವಿವಾಹಿತರು ಎಂದು ಬರೆದಿತ್ತು. ಆರು ಸಾಲಿನಲ್ಲಿ ತಪ್ಪು ಒಂದು. ಅವರು ಶಟಲ್ ಆಡಿದವರಲ್ಲ, ಸ್ಕ್ವಾಷ್ ಆಡಿದವರು. ಹೆಂಗಸರ ವಿಭಾಗದಲ್ಲಿ ನಾಲ್ಕು ಸಲ ದೇಶಕ್ಕೇ ಮೊದಲಿಗರಾಗಿದ್ದವರು.

ಈ ತಪ್ಪನ್ನು ಅವರು ನೋಡಿದ್ದರೆ ತಿದ್ದುತ್ತಿರಲಿಲ್ಲ. ಒಮ್ಮೆ ರಾಮನಗರದ ಒಂದು ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ, ಪೇಟ ಇಟ್ಟು, ಮೈಕಿನಲ್ಲಿ ಇದೇ ಶಟಲ್ ಎಂಬ ಮಾತನ್ನು ಮೂರು ಸಲ ಹೇಳಿದರು. ಜೊತೆಗೆ ಹೋಗಿದ್ದ ನಾನು ಎದ್ದು ಹೇಳಲು ಹೊರಟೆ. ಅವರು ಕಣ್ಣಿನಲ್ಲೇ ಕೂರಿಸಿದರು. ವಾಪಸು ಬಸ್ಸಿನಲ್ಲಿ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು, "ಪಾಪ, ಅವರಿಗೂ ಗೊತ್ತಿರೋ ಆಟ ಒಂದು ಬೇಕಲ್ವಾ, ಬಿಡು" ಎಂದರು.

ನಾನು ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ನಮ್ಮದು ಕೈಲಾಂಚ ಹೋಬಳಿಯ ಒಂದು ಊರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಹುಳ ತಂದ ದಿನ, ಅವು ಜ್ವರಕ್ಕೆ ಕೂತ ದಿನ, ಎಂದರೆ ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗಿದ ದಿನ, ಹಾಕಿದ ಸೊಪ್ಪಿನ ಹೊರೆ, ಹುಳದ ಮನೆಯ ಶಾಖ ಎಲ್ಲವನ್ನೂ ಬರೆಯುತ್ತೇನೆ. ಬಸ್ಸು ಎಷ್ಟು ನಿಮಿಷ ತಡ ಎಂಬುದನ್ನೂ ಬರೆಯುತ್ತೇನೆ. "ಇವಳು ಅನ್ನದ ಅಗುಳೂ ಎಣಿಸ್ತಾಳೆ" ಎಂದು ಅವ್ವ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ. ಆ ಪುಸ್ತಕಗಳನ್ನು ಈಗ ತೆಗೆದು ನೋಡಿದರೆ ಅವರ ವಿಷಯ ನೂರಾ ಹನ್ನೆರಡು ದಿನಗಳಲ್ಲಿ ಬರುತ್ತದೆ. ಒಂದು ದಿನದ ಬರಹದಲ್ಲಿ ಅವರ ಹೆಸರೇ ಇಲ್ಲ. ಇರಬೇಕಾಗಿದ್ದುದು ಅಲ್ಲಿ.

ಅವರ ಅಪ್ಪ ನಮ್ಮೂರಿನವರೇ. ಹರೆಯದಲ್ಲಿ ಬೆಂಗಳೂರಿಗೆ ಹೋಗಿ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆದರು. ಮೆಂಬರುಗಳು ಆಡುವಾಗ ಅಂಕ ಕರೆಯುವುದು, ಜೊತೆಗಾರ ಬರದಿದ್ದರೆ ತಾವೇ ಬ್ಯಾಟು ಹಿಡಿದು ಅವರನ್ನು ಆಡಿಸುವುದು ಆ ಕೆಲಸ. ಕ್ಲಬ್ಬಿನ ಹಿಂದುಗಡೆ ಕೆಲಸದವರ ಸಾಲುಮನೆಯಲ್ಲಿ ಈಕೆ ಬೆಳೆದದ್ದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮೆಂಬರುಗಳು ಬರುತ್ತಿರಲಿಲ್ಲ. ಆ ಮೂರು ಗಂಟೆ ಅಪ್ಪ ಬಾಗಿಲು ತೆಗೆದು ಮಗಳನ್ನು ಒಳಗೆ ಬಿಡುತ್ತಿದ್ದರು. ಮೆಂಬರುಗಳು ಬಿಸಾಡಿದ ಚೆಂಡು, ಹಿಡಿ ಸುಲಿದ ಬ್ಯಾಟು. "ಬೇರೆಯೋರು ಉಂಡು ಮಲಗಿದ್ದಾಗ ಕಲಿತ ಆಟ ಕಣೇ ನಂದು" ಎನ್ನುತ್ತಿದ್ದರು.

ಆಮೇಲೆ ಆಟದ ಕೋಟಾದಲ್ಲಿ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮಂಡಿ ಕೆಟ್ಟಿತು. ನಲವತ್ತಾರಕ್ಕೆ ಕೆಲಸ ಬಿಟ್ಟು, ಕ್ವಾರ್ಟರ್ಸ್ ಖಾಲಿ ಮಾಡಿ, ನಮ್ಮ ತೋಟಕ್ಕೆ ಅಂಟಿದ್ದ ಅಪ್ಪನ ಎರಡು ಅಂಕಣದ ಮನೆಗೆ ಬಂದರು. ನಾನಾಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಮೇಡಂ ಎಂದು ಕರೆದೆ. "ಮೇಡಂ ಅಂದ್ರೆ ಫೈಲು ನೆನಪಾಗ್ತದೆ, ಅಕ್ಕ ಅನ್ನು" ಎಂದರು.

ಮೊದಲ ತಿಂಗಳು ಅವರು ಊರಿನ ಗೋಡೆಗಳನ್ನು ನೋಡಿಕೊಂಡು ತಿರುಗಿದರು. ಶಾಲೆಯ ಹಿಂಗೋಡೆ, ಹಾಲಿನ ಡೈರಿಯ ಗೋಡೆ, ಪಂಚಾಯಿತಿ ಗೋಡೆ. ಎಲ್ಲದಕ್ಕೂ ಅಂಗೈ ಇಟ್ಟು ನೋಡುತ್ತಿದ್ದರು. ಕಟ್ಟೆಯ ಮೇಲಿದ್ದವರಿಗೆ ಅದೇ ಸಾಕಾಯಿತು.

"ಅಲ್ಲ ಕಣ್ಲಾ, ಆಯಮ್ಮ ಗೋಡೆನೇ ಸವರ್ಕಂಡು ಓಡಾಡ್ತದಲ್ಲ, ಮನೆ ಕಟ್ಟುಸ್ತದೇನ್ಲಾ?"

"ಇಲ್ಲ ಕಣ್ಲಾ. ಗೋಡೆಗೆ ಚೆಂಡು ಹೊಡಿಯದೇ ಅವಳ ಆಟವಂತೆ."

"ಗೋಡೆ ಏನ್ಲಾ ಮಾಡಿತ್ತು ಪಾಪ!"

ಕೊನೆಗೆ ಅವರು ಬಂದು ನಿಂತದ್ದು ನಮ್ಮ ಹುಳದ ಮನೆಯ ಬಾಗಿಲಲ್ಲಿ. ಗೂಡು ಮಾರಿದ ಮೇಲೆ ಮುಂದಿನ ಹುಳ ತರುವವರೆಗೆ ಹುಳದ ಮನೆ ಹತ್ತು ಹನ್ನೆರಡು ದಿನ ಖಾಲಿ ಇರುತ್ತದೆ. ಕಬ್ಬಿಣದ ಸ್ಟ್ಯಾಂಡುಗಳನ್ನು ಬಿಚ್ಚಿ ಬಿಸಿಲಿಗೆ ಹಾಕುತ್ತೇವೆ. ನಾಲ್ಕು ಗೋಡೆ, ಸಿಮೆಂಟು ನೆಲ, ಎತ್ತರದ ಶೀಟು ಬಿಟ್ಟರೆ ಒಳಗೆ ಏನೂ ಇರುವುದಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಹೆಜ್ಜೆ ಅಳೆದರು. "ಉದ್ದ ಸಾಕು. ಅಗಲ ಒಂದೂವರೆ ಅಡಿ ಕಮ್ಮಿ" ಎಂದರು. ಆ ದಿನ ನಾನು ಬರೆದದ್ದು: 'ಅಗಲ ಒಂದೂವರೆ ಅಡಿ ಕಮ್ಮಿ. ಅಕ್ಕ ಅತ್ತರು.'

ಅಪ್ಪ ತಲೆ ಕೆರೆದುಕೊಂಡ. ಹುಳದ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಮನೆಯವರೇ ಕಾಲನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಒಳಗೆ ಹೋಗಬೇಕು. "ಹುಳ ಇಲ್ದಾಗ ತಾನೆ, ಆಡ್ಕಳ್ಳಿ. ಹುಳ ತರೋಕೆ ನಾಕು ದಿನ ಮುಂಚೆ ಮಾತ್ರ ಬೀಗದ ಕೈ ಕೊಟ್ಬುಡಿ, ತೊಳ್ದು ಸುಣ್ಣ ಬಳೀಬೇಕು" ಎಂದ. ಹಾಗೆ ಒಂದೂವರೆ ವರ್ಷದಲ್ಲಿ ಏಳು ಬಿಡುವು ಸಿಕ್ಕವು. ಅವರು ಆಡಿದ್ದು ನಲವತ್ತೊಂದು ದಿನ.

ಆಡಿದ್ದು ಎಂದರೆ ಒಬ್ಬರೇ. ಮಾಗಡಿಯಿಂದ ಕನಕಪುರದವರೆಗೆ ಹುಡುಕಿದರೂ ಆ ಆಟ ಗೊತ್ತಿದ್ದವರು ಇನ್ನೊಬ್ಬರು ಸಿಕ್ಕಲಿಲ್ಲ. ಹಾಗಾಗಿ ಎಣಿಸಲು ನನ್ನನ್ನು ಕೂರಿಸಿಕೊಂಡರು. ಹೆಸರೂ ಇಟ್ಟರು. "ಬಾರಮ್ಮ ಮಾರ್ಕರ್, ಅಂಕ ಕರಿ."

ಸ್ಕ್ವಾಷ್ ಚೆಂಡು ನಿಂಬೆಹಣ್ಣಿನಷ್ಟು, ಕಪ್ಪು ರಬ್ಬರಿನದು. ತಣ್ಣಗಿದ್ದರೆ ಪುಟಿಯುವುದೇ ಇಲ್ಲ, ಸೆಗಣಿ ಉಂಡೆಯ ಹಾಗೆ ಬಿದ್ದಲ್ಲೇ ಬಿದ್ದಿರುತ್ತದೆ. ಹೊಡೆದು ಹೊಡೆದು ಬಿಸಿ ಮಾಡಬೇಕು. ಅದಕ್ಕೆ ಅವರು ಮನೆಯಿಂದ ಬರುವಾಗಲೇ ಚೆಂಡನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು ಬರುತ್ತಿದ್ದರು. ದಾರಿಯಲ್ಲಿ ಯಾರು ಮಾತಾಡಿಸಿದರೂ ಆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಆ ಕೈಯಲ್ಲಿ ಮಾಟದ್ದೇನೋ ಇದೆ ಎಂದು ಒಬ್ಬ ಅಜ್ಜಿ ಮೊಮ್ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಅವ್ವನಿಗೆ ಆಟ ವಿವರಿಸಿದ್ದು ಹೀಗೆ: "ಇಬ್ಬರೂ ಒಂದೇ ಗೋಡೆಗೆ ಹೊಡೀಬೇಕು. ಎದುರಾಳಿ ಎದುರಿಗಿರಲ್ಲ, ಪಕ್ಕದಲ್ಲೇ ಇರ್ತಾಳೆ. ಹೊಡೆದ ತಕ್ಷಣ ಅವಳಿಗೆ ದಾರಿ ಬಿಡಬೇಕು."

ಅವ್ವ ಸೊಪ್ಪು ಬಿಡಿಸುತ್ತಲೇ, "ಅತ್ತೆ ಸೊಸೆ ಒಂದೇ ಒಲೆ ಮುಂದೆ ಅಡಿಗೆ ಮಾಡ್ದಂಗೆ ಅನ್ನಿ" ಎಂದಳು. ಅಕ್ಕ ನಕ್ಕು ನಕ್ಕು ಮಂಡಿ ಹಿಡಿದುಕೊಂಡು ಕೂತರು. ಅವರು ಅಷ್ಟು ನಕ್ಕದ್ದು ನನ್ನ ಲೆಕ್ಕದಲ್ಲಿ ಅದೊಂದೇ ಸಲ.

ದಾರಿ ಬಿಡುವುದು ಅವರಿಗೆ ಅಭ್ಯಾಸವೇ ಆಗಿಹೋಗಿತ್ತು. ತೋಟದ ಬದುವಿನ ಮೇಲೆ ಯಾರಾದರೂ ಹತ್ತು ಮಾರು ದೂರದಲ್ಲಿ ಬರುತ್ತಿದ್ದರೆ ಇವರು ಆಗಲೇ ಪಕ್ಕಕ್ಕೆ ಇಳಿದು ನಿಂತಿರುತ್ತಿದ್ದರು. ಮನೆಯೊಳಗೆ ಮಾತ್ರ ಕೋಣೆಯ ನಟ್ಟನಡುವೆ ನಿಲ್ಲುವರು. "ಪ್ರತಿ ಹೊಡೆತ ಆದಮೇಲೂ ಮಧ್ಯಕ್ಕೆ ವಾಪಸ್ ಬರಬೇಕು ಅಂತ ಅಪ್ಪ ಹೇಳಿಕೊಟ್ಟಿದ್ರು. ಬಂದು ನಿಂತಿದೀನಿ ನೋಡು. ಚೆಂಡೇ ಬರ್ತಿಲ್ಲ" ಎಂದಿದ್ದರು ಒಂದು ಭಾನುವಾರ.

ಎಷ್ಟು ಪಂದ್ಯ ಗೆದ್ದಿರಿ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ನನಗೆ ಅಂಕಿ ಬೇಕಿತ್ತು. ಅವರು ಹೇಳುತ್ತಿದ್ದುದು ಸೋತ ಫೈನಲ್ಲುಗಳ ಲೆಕ್ಕ, ಆರು. ಹೊರದೇಶದಲ್ಲಿ ಗಾಜಿನ ಗೋಡೆಯ ಅಂಕಣದಲ್ಲಿ ಆಡಿದ್ದನ್ನು ಒಮ್ಮೆ ಹೇಳಿದರು. ಹೊರಗೆ ಕತ್ತಲು, ಒಳಗೆ ದೀಪ. ಹೊರಗಿನವರಿಗೆ ಆಟಗಾರರು ಕಾಣುತ್ತಾರೆ, ಆಟಗಾರರಿಗೆ ಗಾಜಿನಲ್ಲಿ ತಮ್ಮ ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. "ನನ್ನ ಆಟಾನ ಅಷ್ಟು ಜನ ನೋಡಿದ್ದು ಅವತ್ತೇ. ನಂಗೆ ಒಬ್ಬರೂ ಕಾಣಲಿಲ್ಲ."

ಇನ್ನೊಂದು ಕತೆಯನ್ನು ಮಾತ್ರ ಅವರು ಎರಡು ಸಲ ಹೇಳಿದರು. ಸ್ಕ್ವಾಷಿನಲ್ಲಿ ಚೆಂಡು ಒಂದು ಸಲ ನೆಲಕ್ಕೆ ಬಿದ್ದೆದ್ದು ಮತ್ತೆ ಬೀಳುವುದರೊಳಗೆ ಹೊಡೆಯಬೇಕು. ಎರಡನೇ ಸಲ ಬಿದ್ದರೆ ಅಂಕ ಹೋಯಿತು. ಬಗ್ಗಿ ಎತ್ತುವ ಚೆಂಡು ಒಂದು ಸಲ ಬಿದ್ದಿತ್ತೋ ಎರಡು ಸಲವೋ ಎಂಬುದು ಎಷ್ಟೋ ಬಾರಿ ಹೊಡೆದವಳಿಗೆ ಮಾತ್ರ ಗೊತ್ತಾಗುತ್ತದೆ. ಅವಳೇ ಕೈ ಎತ್ತಿ ಹೇಳಬೇಕು. ಹದಿನಾಲ್ಕನೇ ವಯಸ್ಸಿನಲ್ಲಿ ಅದೇ ಕ್ಲಬ್ಬಿನಲ್ಲಿ ಕಿರಿಯರ ಫೈನಲ್. ಮಗಳ ಪಂದ್ಯ ಎಂದು ಅಂಕ ಕರೆಯಲು ಅಪ್ಪನ ಬದಲು ಬೇರೆಯವರನ್ನು ಕೂರಿಸಿದ್ದರು. ಕೊನೆಯ ಅಂಕದಲ್ಲಿ ಚೆಂಡು ಎರಡು ಸಲ ಬಿತ್ತು. ಯಾರೂ ಕರೆಯಲಿಲ್ಲ. ಇವರೂ ಕೈ ಎತ್ತಲಿಲ್ಲ. ಗೆದ್ದರು. ಮನೆಗೆ ಬಂದು ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತಾ, "ನಾನು ನೋಡ್ದೆ ಕಣವ್ವ" ಎಂದರಂತೆ. ಅಷ್ಟೇ. ಆಮೇಲೆ ಜೀವಮಾನದಲ್ಲಿ ಆ ಮಾತು ಎತ್ತಲಿಲ್ಲವಂತೆ.

ಅಲ್ಲಿಂದ ಈಚೆಗೆ ಅಕ್ಕ ಎಲ್ಲದಕ್ಕೂ ಕೈ ಎತ್ತುತ್ತಿದ್ದರು. ಹಾಲು ಉಕ್ಕಿದರೆ, ಕೊಟ್ಟ ಮಾತಿಗೆ ಹೊತ್ತು ಮೀರಿ ಬಂದರೆ, ಎಡಗೈ ಮೇಲೆ ಹೋಗುತ್ತಿತ್ತು. "ನಂದು ಎರಡು ಸಲ ಬಿತ್ತು." ಹುಳದ ಮನೆಯಲ್ಲಿ ಒಬ್ಬರೇ ಆಡುವಾಗಲೂ ಹಾಗೆಯೇ. ನಾನು ಎಂಬತ್ತೆಂಟು ಎಂದು ಕೂಗುತ್ತಿದ್ದರೆ ಅವರ ಕೈ ಮೇಲೆ ಎದ್ದಿರುತ್ತಿತ್ತು. "ಎಂಬತ್ತೇಳು, ಮಾರ್ಕರ್. ಕೊನೇದು ಎರಡು ಸಲ ಬಿತ್ತು." ಸೋಲಿಸುವವರೇ ಇಲ್ಲದ ಕಡೆ ಇದೆಲ್ಲ ಯಾತಕ್ಕೆ ಎಂದು ನನಗೆ ಅನಿಸುತ್ತಿತ್ತು.

ಒಂದೆರಡು ಸಲ ಬ್ಯಾಟನ್ನು ನನ್ನ ಕೈಗೂ ಕೊಟ್ಟರು. ನನ್ನ ಅತಿ ಹೆಚ್ಚು ಲೆಕ್ಕ ಐದು. "ನಾನು ಎಣಿಸ್ತೀನಿ ಬಿಡಿ ಅಕ್ಕ" ಎಂದು ವಾಪಸು ಕೊಟ್ಟೆ. "ಎಣಿಸೋಳಿಗೆ ಯಾವತ್ತೂ ಸೋಲಿಲ್ಲ, ಅಲ್ವಾ?" ಎಂದರು. ಬೈದದ್ದೋ ತಮಾಷೆಯೋ ತಿಳಿಯಲಿಲ್ಲ.

ಎರಡನೇ ವರ್ಷದ ಚಳಿಗಾಲದಲ್ಲಿ ಅವರು ಒಂದು ಪಂದ್ಯಕ್ಕೆ ಹೆಸರು ಕೊಟ್ಟರು. ನಲವತ್ತೈದು ದಾಟಿದ ಹೆಂಗಸರ ಪಂದ್ಯ, ಚೆನ್ನೈನಲ್ಲಿ. ಹತ್ತು ವಾರ ಇತ್ತು. ಮಂಡಿ ಇದೊಂದು ಪಂದ್ಯ ತಾಳುತ್ತದೆ, ಇನ್ನೊಂದನ್ನು ತಾಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಭ್ಯಾಸಕ್ಕೆಂದು ಬೆಂಗಳೂರಿನ ಹಳೆಯ ಕ್ಲಬ್ಬಿಗೂ ಒಮ್ಮೆ ಹೋಗಿ ಬಂದರು. ಯಾರಾದರೂ ಮೆಂಬರ್ ಸಹಿ ಹಾಕಿದರೆ ಮಾತ್ರ ಒಳಗೆ ಬಿಡುತ್ತಾರಂತೆ. "ನನ್ನ ಗುರುತಿರೋ ಮೆಂಬರುಗಳೆಲ್ಲ ಗೋಡೆ ಮೇಲೆ ಫೋಟೋ ಆಗಿದಾರೆ" ಎಂದರು. ಹಾಗಾಗಿ ಉಳಿದದ್ದು ನಮ್ಮ ಹುಳದ ಮನೆ ಒಂದೇ. ಆಗ ಒಳಗೆ ಹುಳ ಮೂರನೇ ಜ್ವರ ಎದ್ದಿದ್ದವು. ಗೂಡು ಇಳಿಸಿದ ಮೇಲೆ ಹದಿನೈದು ದಿನ ಬಿಡುವು ಕೊಡುತ್ತೇನೆ ಎಂದು ಅಪ್ಪ ಒಪ್ಪಿಕೊಂಡಿದ್ದ. ಅವರು ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟುಕೊಂಡಿದ್ದರು.

ಆ ವಾರ ನಮ್ಮ ದೊಡ್ಡಪ್ಪನ ಹುಳಕ್ಕೆ ಸುಣ್ಣಕಟ್ಟು ಬಂತು. ಚಳಿ, ತೇವ ಹೆಚ್ಚಾದರೆ ಬರುವ ರೋಗ ಅದು. ಹುಳ ಸತ್ತು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದುಕೊಳ್ಳುತ್ತದೆ. ರೋಗ ಬಿದ್ದ ಮನೆಯಿಂದ ಯಾರೂ ಇನ್ನೊಬ್ಬರ ಹುಳದ ಮನೆಗೆ ಹೋಗುವುದಿಲ್ಲ. ಹೋಗಲೇಬೇಕಾದರೆ ತಲೆಗೆ ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಹೋಗಬೇಕು. ಇದು ನಮ್ಮ ಕಡೆ ಐದು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಸತ್ತದ್ದು ಎಷ್ಟು ಎಂದು ನನ್ನ ಪುಸ್ತಕಕ್ಕೆ ಬೇಕಿತ್ತು. ತೋಟದ ಆಚೆ ಬದಿಯ ದೊಡ್ಡಪ್ಪನ ಹುಳದ ಮನೆಗೆ ಹೋಗಿ ಒಂದು ಸ್ಟ್ಯಾಂಡಿನ ಹುಳಗಳನ್ನು ಕಡ್ಡಿಯಲ್ಲಿ ಸರಿಸಿ ಸರಿಸಿ ಎಣಿಸಿದೆ. ಅಷ್ಟರಲ್ಲಿ ನಾಲ್ಕು ಗಂಟೆ. ನಾಲ್ಕಕ್ಕೆ ನಮ್ಮ ಹುಳದ ಮನೆಯ ಶಾಖ ಬರೆಯಬೇಕು. ಒಂದು ದಿನವೂ ತಪ್ಪಿಸಿದವಳಲ್ಲ. ಬ್ಲೀಚಿಂಗ್ ನೀರಿನ ತೊಟ್ಟಿಯನ್ನು ಕಾಲು ಅದ್ದದೇ ದಾಟಿ, ಅದೇ ಬಟ್ಟೆಯಲ್ಲಿ, ಅದೇ ಕೈಯಲ್ಲಿ ಒಳಗೆ ಹೋದೆ.

ಪುಸ್ತಕದಲ್ಲಿ ಆ ಎರಡು ಸಾಲು ಒಂದರ ಕೆಳಗೆ ಒಂದಿವೆ. 'ದೊಡ್ಡಪ್ಪನ ಮನೆ, ಒಂದು ಸ್ಟ್ಯಾಂಡ್, ಸತ್ತದ್ದು ಮುನ್ನೂರ ಹನ್ನೆರಡು. ನಮ್ಮ ಮನೆ, ನಾಲ್ಕು ಗಂಟೆ, ಶಾಖ ಇಪ್ಪತ್ತನಾಲ್ಕು.'

ಆರನೇ ದಿನ ನಮ್ಮ ಹುಳ ಬೆಳ್ಳಗಾದವು. ಇಡೀ ಮನೆ ಹೋಯಿತು. ಅಪ್ಪ ಹೊಂಡ ತೋಡಿ, ಸುಣ್ಣ ಸುರಿದು ಹೂಳಿದ. ನೋಡಲು ಬಂದವರು ಮೂಗಿನ ಮೇಲೆ ಟವಲ್ಲು ಹಿಡಿದು ಒಂದೇ ಮಾತು ಹೇಳಿದರು.

"ಹುಳದ ಮನೇಲಿ ಹೊರಗಿನ ಹೆಂಗಸನ್ನ ಕುಣಿಯಕ್ಕೆ ಬುಟ್ರೆ ಇನ್ನೇನಾಯ್ತದೆ?"

"ಆ ರಬ್ಬರ್ ವಾಸ್ನೆ ಗೋಡೇಲೇ ಕೂತ್ಕಂಡೈತೆ ಕಣಣ್ಣ. ಒಸಿ ಮೂಸಿ ನೋಡು."

ಅಪ್ಪ ಅಕ್ಕನನ್ನು ಬೈಯಲಿಲ್ಲ. "ಆಯಮ್ಮನ್ನ ಯಾಕಂತೀರಿ? ಪದ್ಧತಿ ಮೀರಿ ಬುಟ್ಟಿದ್ದು ನಾನು" ಎಂದ. ಆ ಮಾತಿಗೆ ಮೊದಲೇ ನಾನು ಬಾಯಿ ಬಿಡಬೇಕಿತ್ತು. ಆಮೇಲೆ ಇನ್ನೂ ಕಷ್ಟವಾಯಿತು. ಅಕ್ಕ ಬೇಲಿಯಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಸಂಜೆ ಅವರೇ ಬಂದು ತಮ್ಮ ಹತ್ತಿರವಿದ್ದ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ಹೋದರು. ಹದಿನೈದು ದಿನದ ಬಿಡುವು ಬಂತು. ಹುಳದ ಮನೆಗೆ ಬೀಗ ಹಾಕಿತ್ತು. ಚೆನ್ನೈ ಪಂದ್ಯದ ದಿನ ಅವರು ತಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಾ ಕೂತಿದ್ದರು. ಮೊರ ಬೀಸುವ ಲಯ ನನಗೆ ಗೊತ್ತಿದ್ದ ಲಯವೇ.

ಯುಗಾದಿ ಕಳೆದ ಮೇಲೆ ದೊಡ್ಡಆಲಹಳ್ಳಿಗೆ, ತಂಗಿಯ ಮನೆಗೆ ಹೊರಟುಹೋದರು. ಹೋಗುವಾಗ ಒಂದು ಬ್ಯಾಟು, ಒಂದು ಚೆಂಡನ್ನು ಅವ್ವನ ಕೈಯಲ್ಲಿ ಕೊಟ್ಟು, "ಮಾರ್ಕರ್‌ಗೆ ಕೊಡಿ" ಎಂದಿದ್ದರಂತೆ. ನಾನು ಮನೆಯ ಹಿಂದೆ ಇದ್ದೆ. ಬೇಕೆಂದೇ ಇದ್ದೆ.

ಎರಡು ವರ್ಷದ ಮೇಲೆ ನನಗೆ ಕನಕಪುರದಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಅವರ ಊರಿಗೆ ಬಸ್ಸಿದೆ. ಹನ್ನೊಂದು ಶನಿವಾರ ಹೋಗಬೇಕೆಂದುಕೊಂಡು ಹೋಗಲಿಲ್ಲ. ಹನ್ನೆರಡನೆಯದಕ್ಕೆ ಹೋದೆ. ಅವರು ತಂಗಿಯ ಮನೆಯ ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಸುತ್ತಲೂ ಬಾಳೆ. ಕಣ್ಣಿಗೆ ಕಾಣುವಷ್ಟು ದೂರ ಒಂದು ಗೋಡೆಯೂ ಇರಲಿಲ್ಲ.

ಕಾಫಿ ಮುಗಿಯುವವರೆಗೆ ಬಸ್ಸು, ಕೆಲಸ ಎಂದು ಏನೇನೋ ಮಾತಾಡಿದೆ. ಆಮೇಲೆ ಹೇಳಿದೆ. ಎಣಿಸಲು ಹೋದದ್ದು, ನಾಲ್ಕು ಗಂಟೆ ಆದದ್ದು, ತೊಟ್ಟಿ ದಾಟಿದ್ದು, ಎಲ್ಲ.

ಅವರು ಲೋಟವನ್ನು ಕೆಳಗಿಟ್ಟರು. "ನಾನು ನೋಡಿದ್ದೆ ಕಣೇ" ಎಂದರು.

"ಏನನ್ನ ಅಕ್ಕ?"

"ನೀನು ದೊಡ್ಡಪ್ಪನ ಹುಳದ ಮನೆಯಿಂದ ಓಡಿ ಬಂದು ಹಂಗೇ ಒಳಗೆ ನುಗ್ಗಿದ್ದನ್ನ. ಜಗಲಿ ಮೇಲೇ ಇದ್ದೆ."

"ಮತ್ತೆ ಹೇಳಲಿಲ್ಲ? ಪಂದ್ಯ ಹೋಯ್ತಲ್ಲ ಅಕ್ಕ."

"ನಿನ್ನ ಚೆಂಡು ಎರಡು ಸಲ ಬಿದ್ರೆ ನಾನು ಕೂಗಲಾ? ನೀನೇ ಕೈ ಎತ್ತಬೇಕು. ಎತ್ತುತೀಯ ಅಂತ ಕಾದೆ." ಬಾಳೆಯ ಕಡೆ ತಿರುಗಿದರು. "ಕಾದಿದ್ದು ಜಾಸ್ತಿ ಆಯ್ತೇನೋ. ಅಪ್ಪ ಕಾದಿದ್ದು ಒಂದು ಊಟದವರೆಗೆ ಮಾತ್ರ. ನಿಮ್ಮಪ್ಪನಿಗೆ ಹೇಳಿದೀಯಾ?"

"ಇಲ್ಲ."

"ಯಾರ ಮುಂದೆ ಆಡಿದ್ಯೋ ಅವರ ಮುಂದೆ ಎತ್ತು. ಇಲ್ಲಿ ಬಾಳೆತೋಟದಲ್ಲಿ ನನ್ನೊಬ್ಬಳ ಮುಂದೆ ಎತ್ತಿದ್ರೆ ಏನು ಬಂತು?"

ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಸ್ ನಿಲ್ದಾಣದವರೆಗೆ ಬಂದರು. ಎದುರಿಗೆ ಯಾರೂ ಬರುತ್ತಿರಲಿಲ್ಲ, ಆದರೂ ರಸ್ತೆಯ ಅಂಚಿನಲ್ಲೇ ನಡೆದರು. ಅಪ್ಪನಿಗೆ ಹೇಳಿಬಿಟ್ಟು ಮತ್ತೆ ಬರುತ್ತೇನೆ ಎಂದೆ. "ಬಾ" ಎಂದರು. ನಾನು ಹೇಳಲಿಲ್ಲ, ಹೋಗಲೂ ಇಲ್ಲ. ಏಳು ತಿಂಗಳು ಕಳೆದವು. ಆಮೇಲೆ ಆ ಆರು ಸಾಲು ಬಂದವು.

ಪತ್ರಿಕೆ ನೋಡಿದ ದಿನವೇ ಊರಿಗೆ ಹೋದೆ. ಗೂಡು ಮಾರಿ ಆಗಿತ್ತು. ಅಪ್ಪ ಖಾಲಿ ಹುಳದ ಮನೆಯಲ್ಲಿ ಸುಣ್ಣ ಕಲಸುತ್ತಿದ್ದ. ಎದುರು ಗೋಡೆಯಲ್ಲಿ ಚೆಂಡಿನ ಕಪ್ಪು ಗುರುತುಗಳಿದ್ದವು. ಪ್ರತಿ ಬೆಳೆಗೂ ಸುಣ್ಣ ಬಳಿಯುತ್ತಾರೆ. ಒಣಗಿದ ಮೇಲೆ ಮಸುಕಾಗಿ ಮತ್ತೆ ಕಾಣಿಸುತ್ತವೆ.

"ಅಪ್ಪ, ಆವತ್ತು ಸುಣ್ಣಕಟ್ಟು ತಂದಿದ್ದು ಅಕ್ಕ ಅಲ್ಲ. ನಾನು."

ಪುಸ್ತಕ ತೆಗೆದು ಎರಡು ಸಾಲನ್ನೂ ಓದಿದೆ. ಅಪ್ಪನ ಕೈಯ ಬ್ರಷ್ಷಿನಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು.

"ಆಯಮ್ಮಂಗೆ ಗೊತ್ತಿತ್ತಾ?"

"ಅವತ್ತೇ ನೋಡಿದ್ರಂತೆ."

"ನೋಡಿ, ಬೀಗದ ಕೈ ಮಡಗ್ಬುಟ್ಟು ಹೋದ್ಲಾ!" ಅಪ್ಪ ಬ್ರಷ್ಷನ್ನು ಸುಣ್ಣದಲ್ಲಿ ಅದ್ದಿಟ್ಟ. "ನಾಳೆ ಬೆಳಿಗ್ಗೆ ಹಾಲಿನ ಡೈರಿ ತಾವ ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಹೇಳಿದೆ. ಕ್ಯಾನು ಹಿಡಿದು ಇಪ್ಪತ್ತಮೂರು ಜನ ನಿಂತಿದ್ದರು. ಯಾರೂ ಬೈಯಲಿಲ್ಲ. ಅಂದು ಗೋಡೆ ಮೂಸಿ ನೋಡು ಎಂದಿದ್ದವನೇ, "ಈಗ್ಯಾಕಮ್ಮಿ ಅದೆಲ್ಲ? ಆಯಮ್ಮನೇ ಹೋಗ್ಬುಟ್ಳು" ಎಂದು ಸಾಲಿನಲ್ಲಿ ಮುಂದಕ್ಕೆ ಸರಿದ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅಟ್ಟದಿಂದ ಬ್ಯಾಟು, ಚೆಂಡು ಇಳಿಸಿದೆ. ಚೆಂಡನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು ಹುಳದ ಮನೆಗೆ ಹೋದೆ. ಅಪ್ಪ ಮೂರು ಗೋಡೆಗೆ ಸುಣ್ಣ ಬಳಿದು, ಎದುರು ಗೋಡೆಯನ್ನು ಹಾಗೇ ಬಿಟ್ಟು, ಬಾಗಿಲಲ್ಲಿ ಬೀಡಿ ಹಚ್ಚದೆ ಕೈಯಲ್ಲಿ ಹಿಡಿದು ಕೂತಿದ್ದ. ಹೊಡೆದೆ. ಚೆಂಡು ಏಳಲಿಲ್ಲ. ಮತ್ತೆ ಹೊಡೆದೆ, ಮತ್ತೆ ಬಿತ್ತು. ಎಷ್ಟೋ ಹೊತ್ತಿನ ಮೇಲೆ ಸ್ವಲ್ಪ ಬಿಸಿಯಾಗಿ ಎದ್ದು ಬರತೊಡಗಿತು. ಆಗ ಮನಸ್ಸಿನಲ್ಲೇ ಎಣಿಸಲು ಶುರುಮಾಡಿದೆ. ಕೊನೆಗೆ ಮೂಲೆಗೆ ಹೋದ ಚೆಂಡನ್ನು ಓಡಿ ಬಗ್ಗಿ ಎತ್ತಿದೆ. ಅದು ಗೋಡೆಗೆ ತಾಗಿ ಬಂದು ನನ್ನ ಕಾಲ ಹತ್ತಿರ ನಿಂತಿತು.

"ಹದ್ನೇಳಾಯ್ತಲ್ವೇನಮ್ಮಿ?" ಎಂದ ಅಪ್ಪ. ಅವನೂ ಎಣಿಸುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ.

ನಾನು ಎಡಗೈ ಎತ್ತಿದೆ.

"ಹದಿನಾರು ಕಣಪ್ಪ. ಕೊನೇದು ಎರಡು ಸಲ ಬಿತ್ತು."